ಇಂದಿರಾ ಆಂಟಿ ಕಾದ ಬೆಂಕಿ

ಮೈಸೂರಿನ ನಮ್ಮ ಮನೆಯಲ್ಲಿ ದನದ ಮಾಂಸ ಬೇಯುವ ದಿನ ಬೀದಿ ಕಡೆಯ ಕಿಟಕಿಗಳೆಲ್ಲ ಮುಚ್ಚಿರುತ್ತಿದ್ದವು. ಆ ಪದಾರ್ಥಕ್ಕೆ ನಮ್ಮಲ್ಲಿ ಹೆಸರೂ ಇರಲಿಲ್ಲ. ಅಪ್ಪ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬರುವಾಗ ಬಟ್ಟೆ ಚೀಲದ ತಳದಲ್ಲಿ ಪೊಟ್ಟಣವಿಟ್ಟು, ಮೇಲೆ ದಂಟಿನ ಸೊಪ್ಪು ಹರಡಿಕೊಂಡು ಬಂದು, ‘ಅದು ತಂದಿದೀನಿ’ ಎನ್ನುತ್ತಿದ್ದರು. ಅಮ್ಮ ಕಿಟಕಿ ಮುಚ್ಚಿ ಕುಕ್ಕರ್ ಇಡುತ್ತಿದ್ದಳು. ಅಕ್ಕಪಕ್ಕದವರಿಗೆ ಗೊತ್ತಿರಲಿಲ್ಲವೆಂದಲ್ಲ. ಅವರಿಗೆ ಗೊತ್ತಿತ್ತು, ಅವರಿಗೆ ಗೊತ್ತಿದೆಯೆಂಬುದು ನಮಗೂ ಗೊತ್ತಿತ್ತು. ಆದರೂ ಕಿಟಕಿ ಮುಚ್ಚುವುದು ನಮ್ಮ ಕಡೆಯಿಂದ ಸಲ್ಲಬೇಕಾದ ಒಂದು ಮರ್ಯಾದೆ ಎಂದು ಅಮ್ಮ ತಿಳಿದಿದ್ದಳು. ಆ ಮರ್ಯಾದೆಯ ಸೆಕೆಯಲ್ಲಿ ನಾವೆಲ್ಲ ಬೆವರುತ್ತ ಊಟ ಮಾಡುತ್ತಿದ್ದೆವು.

ಇಂಥ ಮನೆಯಲ್ಲಿ ಬೆಳೆದವನು ಟೆಕ್ಸಸ್‌ನಲ್ಲಿ, ಹಿತ್ತಿಲ ನಡುವೆ, ಚಿಮಣಿಯಿರುವ ಒಂದು ಕಪ್ಪು ಕಬ್ಬಿಣದ ಒಲೆಯಿಟ್ಟು ಅದೇ ಮಾಂಸವನ್ನು ಬೆಳಗಿನಿಂದ ಸಂಜೆಯವರೆಗೆ ಹೊಗೆಯಲ್ಲಿ ಬೇಯಿಸುವಂತಾದದ್ದು ಹೇಗೆ ಎಂದು ನನಗೆ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮುಚ್ಚಿಟ್ಟುಕೊಂಡು ಮಾಡಲಾಗದ ಅಡುಗೆಯೆಂದರೆ ಇದೊಂದೇ. ಕುಕ್ಕರಿನ ವಾಸನೆಗೆ ಕಿಟಕಿ ಹಾಕಬಹುದು, ಆಕಾಶಕ್ಕೆ ಹೋಗುವ ಹೊಗೆಗೆ ಏನು ಹಾಕುವುದು?

ಮದುವೆಯಾಗಿ ಸ್ಟೆಲ್ಲಾಳನ್ನು ಕರೆದುಕೊಂಡು ಬಂದು ನಾನು ಮೊದಲು ಮನೆ ಮಾಡಿದ್ದು ಡಾಲಸ್‌ನ ಪಕ್ಕದ ಕ್ಯಾರಲ್ಟನ್‌ನಲ್ಲಿ. ಅವಳು ಹಾಸನದವಳು. ಕನ್ನಡದವರು ಸೇರುವ ಕಡೆ ಹೋದರೆ ನನ್ನ ಹೆಸರು ವಿನ್ಸೆಂಟ್ ಎಂದು ಕೇಳಿದವರು, ‘ಗೋವಾನಾ, ಕೇರಳಾನಾ?’ ಎನ್ನುತ್ತಿದ್ದರು. ಮೈಸೂರು ಎಂದರೆ, ‘ಓ, ನಿಮ್ಮ ಕನ್ನಡ ತುಂಬಾ ಚೆನ್ನಾಗಿದೆ’ ಎಂದು ಮೆಚ್ಚುತ್ತಿದ್ದರು. ನನ್ನ ಅಮ್ಮನ ಭಾಷೆಯನ್ನು ನಾನು ಚೆನ್ನಾಗಿ ಕಲಿತಿದ್ದೇನೆಂದು ಮೆಚ್ಚಿದವರಿಗೆ ಏನು ಹೇಳುವುದೆಂದು ಇವತ್ತಿಗೂ ತಿಳಿಯದು. ‘ಥ್ಯಾಂಕ್ಸ್’ ಎನ್ನುತ್ತೇನೆ.

ಕ್ಯಾರಲ್ಟನ್‌ನಲ್ಲಿ ನಮಗೆ ಒಂದು ಗಂಡು ಮಗು ದಿನ ತುಂಬುವ ಬಹಳ ಮುಂಚೆಯೇ ಹುಟ್ಟಿತು. ಉಳಿಯಲಿಲ್ಲ. ಪಾದ್ರಿಯೊಬ್ಬರು ಬಂದು ಪ್ರಾರ್ಥನೆ ಹೇಳಿದರು, ಊರ ಹೊರಗಿನ ಸ್ಮಶಾನದಲ್ಲಿ ಎಳೆ ಮಕ್ಕಳಿಗೆಂದೇ ಬಿಟ್ಟ ಒಂದು ಮೂಲೆಯಲ್ಲಿ ಮಣ್ಣು ಮಾಡಿದೆವು. ಸ್ಟೆಲ್ಲಾ ಅತ್ತಿದ್ದನ್ನು ನಾನು ನೋಡಲಿಲ್ಲ. ಅವಳು ಆಮೇಲೆ ಬಹಳ ಕಾಲ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆಯುತ್ತಿದ್ದಳು. ನಾನೂ ಹೇಳದೆ ತಿನ್ನುತ್ತಿದ್ದೆ.

ಟೆಲಿಕಾಂ ಕಂಪನಿಗಳು ಒಂದರ ಮೇಲೊಂದು ಮುಗ್ಗರಿಸಿದ ಕಾಲ ಅದು. ನನ್ನ ಕೆಲಸವೂ ಹೋಯಿತು. ಆಸ್ಟಿನ್‌ನಲ್ಲಿ ಕೆಲವು ತಿಂಗಳ ಕಾಂಟ್ರಾಕ್ಟ್ ಸಿಕ್ಕಿತು. ವಾರವಿಡೀ ಅಲ್ಲಿ, ಶನಿವಾರ ಭಾನುವಾರ ಮನೆ. ಅಲ್ಲಿ ನನ್ನ ಪಕ್ಕದ ಕ್ಯೂಬಿಕಲ್‌ನಲ್ಲಿ ಡೇಲ್ ಎಂಬ ದೊಡ್ಡ ಮೈಯ, ಸಣ್ಣ ದನಿಯ ಮನುಷ್ಯ ಕೂರುತ್ತಿದ್ದ. ಮಗುವಿನ ವಿಷಯ ಅವನಿಗೆ ಯಾರೋ ಹೇಳಿರಬೇಕು. ಡ್ರೈವ್ ಮಾಡಲಾಗದಷ್ಟು ಬಿರುಮಳೆ ಬಂದ ಒಂದು ಶನಿವಾರ ನಾನು ಆಸ್ಟಿನ್‌ನಲ್ಲೇ ಉಳಿದಾಗ, ನನ್ನನ್ನು ತನ್ನ ಮನೆಗೆ ಕರೆದೊಯ್ದು, ಹಿಂದಿನ ಮಾಡಿನ ಕೆಳಗೆ ಕುರ್ಚಿ ಹಾಕಿ ಕೂರಿಸಿ, ಬೆಂಕಿಗೆ ಕಟ್ಟಿಗೆ ಹಾಕುತ್ತ ಇಡೀ ದಿನ ಬಹುಪಾಲು ಸುಮ್ಮನಿದ್ದ. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಸಂಜೆ ಮಾಂಸ ಬೆಂದಾಗ ತಟ್ಟೆಗೆ ಹಾಕಿಕೊಟ್ಟ. ಮಗು ಹೋದ ಮೇಲೆ ನಾನು ರುಚಿ ತಿಳಿದು ತಿಂದ ಮೊದಲ ಊಟ ಅದು.

ಅವನು ಬೇಯಿಸುತ್ತಿದ್ದುದು ಅಂಗಡಿಯಲ್ಲಿ ಯಾರೂ ಆಸೆಪಟ್ಟು ಕೇಳದ ಚಕ್ ರೋಸ್ಟ್. ದನದ ಹೆಗಲಿನ ಭಾಗ. ಜೀವಮಾನವಿಡೀ ನಡೆದ, ಭಾರ ಹೊತ್ತ ಮಾಂಸ. ಆದ್ದರಿಂದ ಗಟ್ಟಿ, ಆದ್ದರಿಂದ ಅಗ್ಗ. ಆತುರದವರು ಇದನ್ನು ಉರಿಯ ಮೇಲಿಟ್ಟರೆ ಚಪ್ಪಲಿಯಾಗುತ್ತದೆ. ಉಪ್ಪು, ತರಿಯಾಗಿ ಕುಟ್ಟಿದ ಮೆಣಸು ಇಷ್ಟನ್ನೇ ಸವರಿ, ಕೈ ಸುಡದಷ್ಟು ಮೆಲ್ಲನೆಯ ಬಿಸಿಯ ಹೊಗೆಯಲ್ಲಿ ದಿನವಿಡೀ ಬಿಟ್ಟರೆ ಒಳಗಿನ ನಾರೆಲ್ಲ ಕರಗಿ, ಬೆರಳಿನಲ್ಲಿ ಬಿಡಿಸಿಕೊಳ್ಳುವ ಹಾಗಾಗುತ್ತದೆ. ನಡುವೆ ಒಂದು ವಿಚಿತ್ರ ಘಟ್ಟ ಬರುತ್ತದೆ. ಅದುವರೆಗೆ ಏರುತ್ತಿದ್ದ ಮಾಂಸದ ಬಿಸಿ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಎಷ್ಟು ಹೊತ್ತು ಕಾದರೂ ಮಾಂಸಕ್ಕೆ ಚುಚ್ಚಿದ ಥರ್ಮಾಮೀಟರಿನ ಮುಳ್ಳು ಅಲ್ಲಾಡುವುದಿಲ್ಲ. ಮಾಂಸ ಬೆವರುತ್ತದಂತೆ, ಆ ಬೆವರೇ ಅದನ್ನು ತಂಪಾಗಿಡುತ್ತದಂತೆ. ಹೊಸಬರು ಅಲ್ಲಿ ಕೆಡುತ್ತಾರೆ. ಒಲೆ ಕೆಟ್ಟಿತೆಂದು ಬೆಂಕಿ ಹೆಚ್ಚಿಸುತ್ತಾರೆ. ಕಾಂಟ್ರಾಕ್ಟ್ ಮುಗಿದಾಗ ಡೇಲ್ ತನ್ನ ಹಳೆಯ ಒಲೆಯನ್ನು ನನ್ನ ಕೈಗೆ ಒಪ್ಪಿಸಿ ಹೇಳಿದ್ದು ಅದೊಂದೇ: ‘ನಿಂತಾಗ ಸುಮ್ಮನೆ ಕೂತಿರು.’

ಆಮೇಲೆ ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ಕಿ ಅದರ ಪಕ್ಕದ ಮಿಸೌರಿ ಸಿಟಿ ಎಂಬ ಊರಿಗೆ ಶಿಫ್ಟ್ ಆದೆವು. ಪಕ್ಕದ ಮನೆಯವರು ಧಾರವಾಡದವರು. ಗುರುರಾಜ ಅಂಕಲ್ ತೈಲದ ಕಂಪನಿಯೊಂದರಲ್ಲಿ ಇಂಜಿನಿಯರ್, ಇಂದಿರಾ ಆಂಟಿ ಮನೆಯಲ್ಲಿ. ಮಗಳು ಮದುವೆಯಾಗಿ ಡಾಲಸ್‌ನ ಹತ್ತಿರದ ಕಾಪೆಲ್‌ನಲ್ಲಿದ್ದಳು. ಆಂಟಿ ಒಂಬತ್ತು ಗಜದ ಸೀರೆ ಉಟ್ಟು ಪೂಜೆ ಮಾಡುವವರು, ಏಕಾದಶಿ ತಪ್ಪಿಸದವರು, ಈರುಳ್ಳಿಯನ್ನು ಮನೆಯ ಹೊಸಿಲು ದಾಟಿಸದವರು. ನಾವು ಕನ್ನಡದವರೆಂದು ತಿಳಿದದ್ದೇ ಬೇಲಿಯ ಮೇಲಿಂದ ಅಗಸಿ ಚಟ್ನಿಪುಡಿ, ಸಜ್ಜಿ ರೊಟ್ಟಿ ಬರತೊಡಗಿದವು. ‘ಏನ ಬೇಕಾದ್ರೂ ಕೇಳ್ರಿ, ಸಂಕೋಚ ಮಾಡಬ್ಯಾಡ್ರಿ’ ಎಂದವರು ವಾರ ಕಳೆಯುವುದರೊಳಗೆ ನನ್ನನ್ನು ‘ತಮ್ಮಾ, ನೀ’ ಎನ್ನತೊಡಗಿದರು. ಅವರು ನನ್ನ ಕನ್ನಡವನ್ನು ಎಂದೂ ಮೆಚ್ಚಲಿಲ್ಲ. ‘ನಿಮ್ಮ ಮೈಸೂರವ್ರು ಮಾತಾಡಿದ್ರ ಅರ್ಧ ನುಂಗತೀರಿ’ ಎಂದು ಬೈದರು. ಟೆಕ್ಸಸ್‌ನಲ್ಲಿ ನನಗೆ ಸಿಕ್ಕ ಮೊದಲ ನಿಜವಾದ ಸ್ವಾಗತ ಅದು.

ಒಂದು ಬೇಸಗೆಯ ಶನಿವಾರ ನಾನು ಒಲೆ ಹಚ್ಚಿದ್ದೆ. ಆಚೆ ಹಿತ್ತಿಲಲ್ಲಿ ಆಂಟಿ ಹಳೆಯ ಪಂಚೆಯ ಮೇಲೆ ಸಂಡಿಗೆ ಇಟ್ಟಿದ್ದು ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಗಾಳಿ ತಿರುಗಿತು. ಹೊಗೆಯೆಲ್ಲ ಬೇಲಿಯ ಆಚೆಗೆ ಇಳಿಯಿತು. ಬೇಲಿಯ ಹಲಗೆಗಳ ಸಂದಿನಿಂದ ನೋಡಿದಾಗ ಆಂಟಿ ಪಂಚೆಯ ನಾಲ್ಕೂ ಮೂಲೆ ಸೇರಿಸಿ, ಅರೆ ಒಣಗಿದ ಸಂಡಿಗೆಯನ್ನೆಲ್ಲ ಗಂಟು ಕಟ್ಟಿ, ಕಸದ ಡಬ್ಬಿಗೆ ಹಾಕುತ್ತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಜಗಳವಾಡಿದ್ದರೆ ಕ್ಷಮೆ ಕೇಳಬಹುದಿತ್ತು. ಸಂಜೆ ಅಂಕಲ್ ಬಂದು, ‘ಗಾಳಿ ನೋಡಿ ಹಚ್ಚಪಾ’ ಎಂದಷ್ಟೇ ಹೇಳಿ ಹೋದರು. ಬೇಲಿಯ ಮೇಲಿಂದ ಏನೂ ಬರುವುದು ನಿಂತಿತು. ನಾನು ಒಲೆಯನ್ನು ಗರಾಜಿಗೆ ತಳ್ಳಿ, ಮೇಲೆ ಟಾರ್ಪಾಲು ಹೊದಿಸಿದೆ. ಅಮ್ಮನ ಮಗ ನಾನು.

ಹೀಗೆ ಒಂದು ವರ್ಷ ಕಳೆದಿರಬೇಕು. ಸ್ಟೆಲ್ಲಾ ಮತ್ತೆ ಬಸುರಿಯಾದಳು. ಹಿಂದಿನದನ್ನು ನೆನೆದು ಡಾಕ್ಟರು ಮಂಚ ಬಿಟ್ಟು ಇಳಿಯಬಾರದೆಂದರು. ಅವಳಿಗೆ ಏನೂ ಸೇರುತ್ತಿರಲಿಲ್ಲ. ಅನ್ನ ಕಂಡರೆ ವಾಂತಿ, ಹಾಲು ಕಂಡರೆ ವಾಂತಿ. ತೂಕ ಏರಬೇಕಾದವಳು ಇಳಿಯುತ್ತಿದ್ದಳು. ನಾವಿಬ್ಬರೂ ಹುಟ್ಟಲಿರುವ ಮಗುವಿನ ಮಾತನ್ನೇ ಆಡುತ್ತಿರಲಿಲ್ಲ, ಆಡಿದರೆ ಎಲ್ಲಿ ಅದಕ್ಕೆ ಕೇಳಿಸಿಬಿಡುತ್ತದೋ ಎನ್ನುವ ಹಾಗೆ. ತೊಟ್ಟಿಲು ತರಲಿಲ್ಲ, ಬಟ್ಟೆ ಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಗೋಡೆ ಕಡೆ ಮುಖ ಮಾಡಿ ಮಲಗಿದ್ದವಳು, ‘ವಿನ್ಸೆಂಟ್, ಆ ಹೊಗೆ ಮಾಂಸ ಮಾಡ್ತಿದ್ಯಲ್ಲ... ಅದು ತಿನ್ನಬೇಕು ಅನ್ನಿಸ್ತಾ ಇದೆ’ ಅಂದಳು.

‘ಹೋಟೆಲಿಂದ ತರ್ಲಾ? ಹ್ಯೂಸ್ಟನ್ ತುಂಬ ಅದೇ ಇದೆ.’

‘ಬೇಡ. ಅವರು ಸಿಹಿ ಸಾಸ್ ಸುರೀತಾರೆ. ನಮ್ಮನೇದೇ ಬೇಕು.’

ಎಷ್ಟೋ ವಾರಗಳ ಮೇಲೆ ಅವಳು ‘ಬೇಕು’ ಎಂದ ಮೊದಲ ಮಾತು. ಆದರೂ ಗರಾಜಿಗೆ ಹೋಗಿ ಟಾರ್ಪಾಲಿನ ಮುಂದೆ ನಿಂತವನು ವಾಪಸು ಬಂದೆ. ಹೀಗೆ ಎರಡು ಸಲ ಮಾಡಿ, ಕೊನೆಗೆ ಪಕ್ಕದ ಮನೆಯ ಬಾಗಿಲು ತಟ್ಟಿದೆ. ಆಂಟಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಮಾಂಸ ಎನ್ನುವ ಶಬ್ದ ಬಂದಾಗ ನಾನು ತಡವರಿಸಿದೆ. ‘ಅದು ಮಾಡ್ಬೇಕು ಆಂಟಿ’ ಎಂದುಬಿಟ್ಟೆ, ಥೇಟ್ ಅಪ್ಪನ ಹಾಗೆ.

‘ಎಷ್ಟು ತಿಂಗಳು ಈಗ?’ ಎಂದರು ಆಂಟಿ.

‘ಆರು ತುಂಬಿದೆ.’

‘ಮತ್ತ ನನಗ್ಯಾಕ ಹೇಳಲಿಲ್ಲ ನೀವು?’

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ.

‘ಬಸುರಿ ಬಾಯಿ ಬಿಟ್ಟು ಕೇಳ್ಯಾಳ. ಅದಕ್ಕ ನನ್ನ ಅಪ್ಪಣಿ ಯಾಕಪಾ? ನಾಳೆನ ಹಚ್ಚು. ನಾ ನನ್ನ ಕಿಟಕಿ ಹಾಕ್ಕೋತೀನಿ.’

ಮರುದಿನ ಬೆಳಿಗ್ಗೆ ಒಲೆ ಹೊರಗೆಳೆದೆ. ಆ ಒಲೆಯ ರಚನೆಯನ್ನು ಇಲ್ಲಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಮಲಗಿಸಿದ ದೊಡ್ಡ ಡ್ರಮ್ಮಿನಂಥ ಪೆಟ್ಟಿಗೆ, ಮಾಂಸ ಅದರೊಳಗೆ. ಅದರ ಪಕ್ಕಕ್ಕೆ ಅಂಟಿಕೊಂಡು ಇನ್ನೊಂದು ಸಣ್ಣ ಪೆಟ್ಟಿಗೆ, ಬೆಂಕಿ ಅಲ್ಲಿ. ಬೆಂಕಿಯ ಬಾಗಿಲೇ ಬೇರೆ, ಮಾಂಸದ ಮುಚ್ಚಳವೇ ಬೇರೆ. ಓಕ್ ಕಟ್ಟಿಗೆ ಹಿಡಿದುಕೊಂಡು ಬಿಳಿ ಹೊಗೆ ಹೋಗಿ ತೆಳು ನೀಲಿ ಹೊಗೆ ಬಂದ ಮೇಲೆ ಮಾಂಸವನ್ನಿಟ್ಟೆ. ಆಚೆ ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುವ ಸದ್ದು ಕೇಳಿಸಿತು. ಸದ್ದಿನಲ್ಲಿ ಕೋಪವಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ನಿಲ್ಲುವ ಘಟ್ಟ ಬಂದಿತ್ತು. ನಾನು ಡೇಲ್ ಹೇಳಿದಂತೆ ಸುಮ್ಮನೆ ಕೂತಿದ್ದೆ. ಒಳಗಿನಿಂದ ಸ್ಟೆಲ್ಲಾ ಕೂಗಿದ ದನಿ ಕೇಳಿ ಓಡಿದೆ. ಹಾಸಿಗೆಯ ಮೇಲೆ ರಕ್ತ. ಕ್ಯಾರಲ್ಟನ್‌ನಲ್ಲೂ ಹೀಗೆಯೇ ಶುರುವಾಗಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳನ್ನು ಎತ್ತಿಕೊಂಡು ಬಂದು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸುವಾಗ ಆಂಟಿ ಬರಿಗಾಲಲ್ಲೇ ಓಡಿ ಬಂದರು. ಅಂಕಲ್ ಡಾಲಸ್‌ಗೆ ಕೆಲಸದ ಮೇಲೆ ಹೋಗಿದ್ದರು.

‘ಒಲೆ ಆರಿಸಿಬಿಡಿ ಆಂಟಿ’ ಎಂದೆ.

ಹಿಂದಿನ ಸೀಟಿನಿಂದ ಸ್ಟೆಲ್ಲಾ, ‘ಬೇಡ, ಆರಿಸ್ಬೇಡಿ’ ಎಂದಳು. ಅವಳು ಅಳುತ್ತಿದ್ದಳು. ‘ಆರಿಸ್ಬಿಟ್ರೆ ಎಲ್ಲಾ ಮುಗೀತು ಅನ್ಸುತ್ತೆ ನಂಗೆ.’

ಆಂಟಿ ಅವಳ ಹಣೆಯ ಮೇಲೆ ಕೈಯಿಟ್ಟರು. ಮಡಿಯಲ್ಲಿದ್ದ ಕೈ ಅದು.

‘ಯಾರೂ ಆರಸೂದಿಲ್ಲ. ನೀ ಹೋಗ್ಬಾರವ್ವಾ. ತಮ್ಮಾ, ಬೆಂಕಿ ನಾ ನೋಡ್ಕೋತೀನಿ. ಬಚ್ಚಲ ಒಲಿ ಕಾಯಿಸಿದಾಕಿ ನಾ, ಬೆಂಕಿ ನನಗ ಹೊಸಾದಲ್ಲ. ಆ ದೊಡ್ಡ ಮುಚ್ಚಳಾ ಮಾತ್ರ ನಾ ತಗಿಯೂದಿಲ್ಲ. ಅದು ಈಗs ಹೇಳಿರ್ತೀನಿ.’

ಮುಚ್ಚಳದ ಮೇಲೆ ಪೆಟ್ಟಿಗೆಯ ಬಿಸಿ ತೋರಿಸುವ ಮುಳ್ಳು ಈಗಿರುವಲ್ಲಿಂದ ಇಳಿದಾಗ ಒಂದೊಂದೇ ಕಟ್ಟಿಗೆ ಹಾಕಿ ಎಂದಷ್ಟು ಹೇಳಿ ಕಾರು ಹೊರಡಿಸಿದೆ.

ಆಸ್ಪತ್ರೆಯಲ್ಲಿ ಏನಾಯಿತೆಂದು ವಿವರವಾಗಿ ಹೇಳಲಾರೆ. ಅವಳಿಗೆ ಸೂಜಿ ಚುಚ್ಚಿದರು, ಹೊಟ್ಟೆಯ ಸುತ್ತ ಪಟ್ಟಿ ಕಟ್ಟಿದರು. ಆ ಪಟ್ಟಿಯ ಯಂತ್ರದಿಂದ ಮಗುವಿನ ಎದೆಬಡಿತ ಕುದುರೆ ಓಡಿದಂತೆ ಕೇಳಿಸುತ್ತಿತ್ತು. ಅದನ್ನು ಕೇಳುತ್ತ ನಾನು ಗೋಡೆಗೊರಗಿ ನಿಂತಿದ್ದೆ. ಪ್ರಾರ್ಥಿಸಬೇಕೆಂದುಕೊಂಡರೆ ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಜಪವೂ ನಡುವೆ ಕಡಿದುಹೋಗುತ್ತಿತ್ತು. ಬಹಳ ಹೊತ್ತಿನ ಮೇಲೆ ಡಾಕ್ಟರಮ್ಮ ಬಂದು, ನೋವು ನಿಂತಿದೆ, ರಕ್ತವೂ ನಿಂತಿದೆ, ಮಗು ಒಳಗೇ ಇದೆ, ಎಷ್ಟು ದಿನ ಇರುತ್ತದೋ ಅಷ್ಟೂ ಲಾಭ ಎಂದರು. ಸ್ಟೆಲ್ಲಾ ಇನ್ನು ಹೆರಿಗೆಯವರೆಗೆ ಆಸ್ಪತ್ರೆಯಲ್ಲೇ ಇರಬೇಕು. ಹಸಿವಾದರೆ ಏನಾದರೂ ತಿನ್ನಬಹುದು.

ಅಷ್ಟರಲ್ಲಿ ನನ್ನ ಸೆಲ್‌ಫೋನು ಹೊಡೆದುಕೊಂಡಿತು. ‘ಹೆಂಗದಾಳಪಾ?’ ಎಂದು ಕೇಳಿ, ಉತ್ತರ ಕೇಳಿ, ಆಂಟಿ ಮೂಗು ಸೀಟಿಕೊಂಡರು. ಆಮೇಲೆ, ‘ಇಲ್ಲಿದು ಹೇಳು. ಮುಳ್ಳು ನೀ ಹೇಳಿದಲ್ಲೇ ನಿಂತದ. ಬೆಂದದೋ ಇಲ್ಲೋ ಹೆಂಗ ತಿಳಿಯೂದು?’ ಎಂದರು.

‘ಬಿಡಿ ಆಂಟಿ. ಬೆಂಕಿ ತಾನೇ ಆರ್ಲಿ. ನಾನು ಬಂದು ತೆಗೀತೀನಿ.’

‘ನಾ ಕೇಳಿದ್ದು ಅದಲ್ಲ. ಹೆಂಗ ತಿಳಿಯೂದು ಅಂತ ಕೇಳಿದೆ.’

ಫೋರ್ಕ್ ಚುಚ್ಚಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು ಎಂದೆ. ತಿರುಗಿದರೆ ಫಾಯಿಲಿನಲ್ಲಿ ಸುತ್ತಿ ಸ್ವಲ್ಪ ಹೊತ್ತು ಬಿಡಬೇಕು ಎಂದೆ. ‘ಆತು’ ಎಂದು ಫೋನಿಟ್ಟರು.

ಆಂಟಿಗೆ ಡ್ರೈವಿಂಗ್ ಬರುತ್ತಿತ್ತು, ಆದರೆ ಅಂಗಡಿ, ದೇವಸ್ಥಾನ ಬಿಟ್ಟು ಬೇರೆಡೆ ಅವರು ಕಾರು ಒಯ್ದವರಲ್ಲ. ಸಿಗ್ನಲ್ಲಿಲ್ಲದೆ ವಾಹನಗಳು ನುಗ್ಗುವ ಫ್ರೀವೇಯನ್ನು ಎಂದೂ ಹತ್ತಿದವರಲ್ಲ. ಆ ಸಂಜೆ ಅವರು ಫ್ರೀವೇ ಹತ್ತದೆ, ಸಿಗ್ನಲ್‌ನಿಂದ ಸಿಗ್ನಲ್‌ಗೆ ಒಳರಸ್ತೆಗಳಲ್ಲೇ ಬಂದು, ದಾರಿ ತಪ್ಪಿ, ಪೆಟ್ರೋಲು ಬಂಕಿನವನನ್ನು ಕೇಳಿ, ಅಂತೂ ಆಸ್ಪತ್ರೆ ಮುಟ್ಟಿದರು. ತಲೆಗೆ ಸ್ನಾನ ಮಾಡಿದ ಕೂದಲು ಇನ್ನೂ ಒದ್ದೆಯಿತ್ತು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಫಾಯಿಲಿನ ಗಂಟು. ಅದನ್ನು ಮೈಗೆ ತಾಗದಂತೆ ತೋಳು ಚಾಚಿ ಹಿಡಿದಿದ್ದರು, ಬಿಸಿ ಕೆಂಡ ಹಿಡಿದವರ ಹಾಗೆ.

‘ಆಂಟಿ, ನೀವು ಮುಚ್ಚಳ...’ ಎಂದೆ.

‘ಹುಡುಗಿ ಕೇಳಿದ್ದು ಊಟ, ಬೆಂಕಿ ಅಲ್ಲ. ಬರೇ ಬೆಂಕಿ ಕಾಯ್ಕೊಂಡು ಕೂತ್ರ ಆಕಿ ಹೊಟ್ಟಿಗೆ ಏನು ಬಂತು?’ ಎಂದರು. ‘ಕೊಡು ಆಕಿಗೆ. ಆರಿ ಹೋಗ್ತದ.’

ನಾನು ಬಿಡಿಸಿದೆ. ಹೊರಗೆ ಕಪ್ಪಗೆ, ಒಳಗೆ ಕೆಂಪಗೆ, ಬೆರಳು ತಾಗಿದರೆ ಎಳೆಯೆಳೆಯಾಗಿ ಬರುತ್ತಿತ್ತು. ಕೋಣೆಯ ಔಷಧಿ ವಾಸನೆಯ ಮೇಲೆ ಓಕ್ ಮರದ ಹೊಗೆ ಹರಡಿತು. ಸತ್ಯ ಹೇಳಬೇಕೆಂದರೆ ನಾನು ಸ್ವತಃ ಮಾಡಿದ್ದು ಒಂದೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಆಂಟಿ ಕುರ್ಚಿಯನ್ನು ಕಿಟಕಿ ಕಡೆ ತಿರುಗಿಸಿಕೊಂಡು, ನಮಗೆ ಬೆನ್ನು ಹಾಕಿ, ಹೊರಗಿನ ಪಾರ್ಕಿಂಗ್ ನೋಡುತ್ತ ಕೂತರು. ಸ್ಟೆಲ್ಲಾ ಮೊದಲು ಒಂದು ಎಳೆ ತಿಂದಳು. ನಾನು ವಾಂತಿಯ ಪಾತ್ರೆ ಹಿಡಿದು ಕಾಯುತ್ತಿದ್ದೆ. ಅವಳು ಇನ್ನೊಂದು ತಿಂದಳು. ಆಮೇಲೆ ತಟ್ಟೆಯನ್ನೇ ಎಳೆದುಕೊಂಡಳು.

‘ಸೇರ್ತದೇನು?’ ಎಂದರು ಆಂಟಿ, ತಿರುಗದೆ.

‘ಹೂಂ ಆಂಟಿ.’

‘ನಿಧಾನಕ್ಕ ತಿನ್ನು.’

ಬೆನ್ನು ಹಾಕಿ ಕೂತಲ್ಲಿಂದಲೇ ಅವರು ಮಾತಾಡತೊಡಗಿದರು. ‘ನಾ ಮೊದಲನೇದಕ್ಕ ಬಸುರಿದ್ದಾಗ ಎದುರು ಮನ್ಯಾಗ ಉಳ್ಳಾಗಡ್ಡಿ, ನಿಮ್ಮ ಈರುಳ್ಳಿ, ಹುರೀತಿದ್ರು. ದಿನಾ ಸಂಜೀಕೆ ಅದರ ವಾಸನಿ ಬರೂದು. ನನಗ ಜೀವಾನೇ ಹೋಗೂದು ಅದಕ್ಕ. ಒಂದು ದಿನ ಅತ್ತಿ ಮುಂದ ಅಂದುಬಿಟ್ಟೆ. ಅವರು ಬೈಲಿಲ್ಲ. ಕಿಟಕಿ ಹಾಕಿದ್ರು ಅಷ್ಟ. ಅವರೇನು ಕೆಟ್ಟವರಲ್ಲ, ಹಂಗ ನಡ್ಕೊಂಡು ಬಂದವರು.’ ಕಿಟಕಿಯಾಚೆ ನೋಡುತ್ತಲೇ, ‘ಆ ಕೂಸು ಉಳೀಲಿಲ್ಲ. ಅದಕ್ಕs ಹೋತು ಅಂತ ನಾ ಅನ್ನೂದಿಲ್ಲ, ನಾನೇನು ಹುಚ್ಚಿ ಅಲ್ಲ. ಆದ್ರ ಒಂದು ತುಣುಕು ಕೊಡಬೇಕಾಗಿತ್ತು ನೋಡು ನನಗ’ ಎಂದರು.

ಸ್ಟೆಲ್ಲಾ ತಿನ್ನುವುದನ್ನು ನಿಲ್ಲಿಸಿದಳು. ಕ್ಯಾರಲ್ಟನ್‌ನ ಸ್ಮಶಾನದ ಆ ಮೂಲೆಯ ಬಗ್ಗೆ ನಮ್ಮಿಬ್ಬರ ನಡುವೆಯೂ ಮಾತು ಬಂದದ್ದಿಲ್ಲ. ಅವಳು ಆಂಟಿಯ ಬೆನ್ನಿಗೆ ಎಲ್ಲವನ್ನೂ ಹೇಳಿದಳು. ಮಗುವಿನ ತಲೆಯಲ್ಲಿ ಎಷ್ಟು ಕೂದಲಿತ್ತು, ಬೆರಳುಗಳು ಹೇಗಿದ್ದವು, ಅದಕ್ಕೆ ಮನಸ್ಸಿನಲ್ಲೇ ಯಾವ ಹೆಸರಿಟ್ಟಿದ್ದಳು ಎಂಬುದನ್ನೆಲ್ಲ. ಆ ಹೆಸರನ್ನು ನಾನು ಕೇಳಿದ್ದು ಅಂದೇ ಮೊದಲು.

ಸ್ಟೆಲ್ಲಾ ಆಸ್ಪತ್ರೆಯಲ್ಲಿ ವಾರಗಟ್ಟಲೆ ಮಲಗಿದಳು. ಮಗಳು ಮುಂಚೆಯೇ ಹುಟ್ಟಿದಳು, ಆದರೆ ತೀರಾ ಮುಂಚೆಯಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಕೆಲಕಾಲವಿದ್ದು, ಎಲ್ಲ ನಳಿಕೆಗಳನ್ನೂ ಕಳಚಿಕೊಂಡು ಮನೆಗೆ ಬಂದಳು. ಅವಳಿಗೆ ಎಣ್ಣೆ ನೀರು ಹಾಕಿದವರು, ಸಾಂಬ್ರಾಣಿ ಹೊಗೆ ಹಿಡಿದವರು ಇಂದಿರಾ ಆಂಟಿಯೇ. ಆಮೇಲೆ ಸ್ನಾನ ಮಾಡಿಯೇ ಅವರು ತಮ್ಮ ಪೂಜೆಗೆ ಕೂರುತ್ತಿದ್ದರು.

ಮಗಳ ಜ್ಞಾನಸ್ನಾನದ ದಿನ ಊಟಕ್ಕೆ ನಾನು ಬಹಳ ಯೋಚನೆ ಮಾಡಿದ್ದೆ. ಒಲೆ ಹಚ್ಚಲೇ ಇಲ್ಲ. ಹೊಸ ಪಾತ್ರೆ ತಂದು, ಶುದ್ಧ ಸಸ್ಯಾಹಾರಿ ಅಡುಗೆಯವರೊಬ್ಬರನ್ನು ಕರೆಸಿ, ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಊಟ ಮಾಡಿಸಿದೆ. ಆಂಟಿ ನನಗಾಗಿ ದಾಟಿದ ಗೆರೆಗೆ ಪ್ರತಿಯಾಗಿ ನಾನೂ ಒಂದು ಗೆರೆ ಎಳೆದುಕೊಂಡಿದ್ದೇನೆಂಬ ತೃಪ್ತಿಯಿಂದ ಅವರ ಮುಂದೆ ತಟ್ಟೆಯಿಟ್ಟೆ. ಗುರುರಾಜ ಅಂಕಲ್ ಆಗಲೇ ಎರಡನೇ ಸಲ ಹುಳಿ ಹಾಕಿಸಿಕೊಳ್ಳುತ್ತಿದ್ದರು. ಆಂಟಿ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬುಟ್ಟಿಯಿಂದ ಒಂದು ಬಾಳೆಹಣ್ಣು ತೆಗೆದುಕೊಂಡರು. ಹೊರಗಿನ ಅಡುಗೆ ಯಾರು ಮಾಡಿದರೂ ಅವರು ಮುಟ್ಟುವುದಿಲ್ಲವಂತೆ. ನನ್ನ ಹೊಸ ಪಾತ್ರೆಗಳಿಗೂ ಅದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅವರು ಹಣ್ಣು ಸುಲಿಯುತ್ತ ಸುತ್ತ ನೋಡಿದರು. ಚರ್ಚಿನ ಕಡೆಯ ನಮ್ಮ ಸ್ನೇಹಿತರು, ಆಸ್ಟಿನ್‌ನಿಂದ ಬಂದಿದ್ದ ಡೇಲ್, ಎಲ್ಲರೂ ತಟ್ಟೆಯಲ್ಲಿನ ಕೋಸಂಬರಿಯನ್ನು ಸಭ್ಯತೆಯಿಂದ ಅತ್ತಿಂದಿತ್ತ ತಳ್ಳುತ್ತಿದ್ದರು.

‘ನಿಮ್ಮದು ಎಲ್ಲದ?’ ಎಂದು ಕೇಳಿದರು ಆಂಟಿ.

‘ಇವತ್ತು ಮಾಡ್ಲಿಲ್ಲ ಆಂಟಿ. ನಿಮಗೋಸ್ಕರ.’

‘ನನಗೋಸ್ಕರ ಅಷ್ಟು ದೂರದಿಂದ ಬಂದವರನ್ನ ಅರೆಹೊಟ್ಟಿಲೇ ಕಳಸತೀಯೇನು? ನಾ ನಿಂಗ ಹಂಗೇನರೆ ಹೇಳಿದ್ನೇನು?’ ಎಂದು ಬಾಳೆಹಣ್ಣನ್ನು ಎರಡು ತುಂಡು ಮಾಡಿ ಒಂದನ್ನು ನನ್ನ ಕೈಗಿಟ್ಟರು. ‘ಬಂದವರಿಗೆ ಅವರ ಊಟಾ ಹಾಕಬೇಕಪಾ. ನನ್ನ ಊಟಾ ನನಗ ಸಾಕು.’

ನಾನು ಆ ಅರ್ಧ ಬಾಳೆಹಣ್ಣನ್ನು ಅವರ ಪಕ್ಕದಲ್ಲೇ ಕೂತು ತಿಂದೆ. ಆಮೇಲೆ ಎದ್ದು ಡೇಲ್‌ನ ಹತ್ತಿರ ಹೋಗಿ, ನಾಳೆ ಭಾನುವಾರ, ಒಲೆ ಹಚ್ಚುತ್ತೇನೆ, ಒಂದು ದಿನ ಉಳಿಯಲು ಆಗುತ್ತದೆಯೇ ಎಂದು ಕೇಳಿದೆ.